"ನನಗೆಲ್ಲಿ ಬರಿಯಾಕ ಬರ್ತದ?"

ರವಿವಾರ ಬೆಳಿಗ್ಗೆ ಅಬಿಡ್ಸಿಗೆ ಹೋಗಿದ್ದೀರಾ? ದೊಡ್ಡ ಅಂಗಡಿಗಳ ಬಾಗಿಲು ಮುಚ್ಚಿರುತ್ತದೆ; ಅವುಗಳ ಮುಂದೆ ರಸ್ತೆಯ ಬದಿಗೆ ಹಳೆಯ ಪುಸ್ತಕಗಳ ಸಂತೆ ನೆರೆದಿರುತ್ತದೆ. ಇಂಗ್ಲಿಷು, ತೆಲುಗು, ಉರ್ದು, ಹಿಂದಿ ಪುಸ್ತಕಗಳ ರಾಶಿಯಲ್ಲಿ ಅಪರೂಪಕ್ಕೊಂದು ಕನ್ನಡ ಪುಸ್ತಕ ಕಣ್ಣಿಗೆ ಬಿದ್ದರೆ, ಪರಸ್ಥಳದಲ್ಲಿ ನಮ್ಮೂರಿನ ನೆಂಟರು ಸಿಕ್ಕಷ್ಟು ಸಂತೋಷ! ಅದೇ ಅಬಿಡ್ಸಿನಲ್ಲಿ ದೊಡ್ಡ ಅಂಚೆ ಕಚೇರಿಯೂ ಇದೆ. ಒಂದು ಕಾಲಕ್ಕೆ ನಮ್ಮ ಹಿರಿಯರು "ತೀರ್ಥರೂಪ" ಎಂದು ಆರಂಭಿಸಿ, ಕಾರ್ಡಿನ ಅಂಚಿನವರೆಗೂ ಬರೆದು ಊರಿಗೆ ಕಳಿಸುತ್ತಿದ್ದರು. ಈಗ ಫೋನು ಬಂದಿದೆ. ಮಾತು ಹೆಚ್ಚಿತು, ಬರಹ ನಿಂತಿತು. ಕನ್ನಡ ನಮ್ಮ ನಾಲಗೆಯಲ್ಲಿದೆ, ಕೈಯಲ್ಲಿಲ್ಲ.

ವಯಸ್ಸಾದವರೂ ಸೇರಿ ಕಥೆ, ಕವಿತೆ, ನೆನಪುಗಳನ್ನು ಬರೆಯುವ ಒಂದು ವರ್ಗ ನಡೆಸೋಣವೆಂದರೆ ನಮ್ಮವರಿಂದ ಬರುವ ಉತ್ತರ ಒಂದೇ: "ನನಗೆಲ್ಲಿ ಬರಿಯಾಕ ಬರ್ತದ?"

ಈ ಮಾತನ್ನು ನಾನು ಮೊದಲು ಕೇಳಿದ್ದು ನಮ್ಮ ದೊಡ್ಡವ್ವನ ಬಾಯಿಂದ. ಬೀದರ ಕಡೆಯ ತವರು; ಕಥೆ ಹೇಳಲು ಕುಳಿತರೆ ಒಲೆಯ ಮೇಲಿನ ಹಾಲು ಉಕ್ಕಿದರೂ ಯಾರಿಗೂ ಎಚ್ಚರವಿರುತ್ತಿರಲಿಲ್ಲ. ಒಮ್ಮೆ ಹಾಲಿನ ಲೆಕ್ಕದ ವಹಿಯ ಹಿಂಬದಿಗೆ ತಮ್ಮೂರಿನ ಬಾವಿಯ ಕಥೆಯನ್ನು ಬರೆದು ನನಗೆ ತೋರಿಸಿದರು. ಬಾವಿಗೆ 'ಭಾವಿ' ಎಂದು ಬರೆದಿದ್ದರು. ಕಾಲೇಜಿನ ಹುಡುಗ ನಾನು. ಕೆಂಪು ಮಸಿಯಿಂದ ತಿದ್ದಿ ನಕ್ಕುಬಿಟ್ಟೆ. ಅವರೂ ನಕ್ಕರು. ಆಮೇಲೆ ಎಂದೂ ಬರೆಯಲಿಲ್ಲ. "ನನಗೆಲ್ಲಿ ಬರಿಯಾಕ ಬರ್ತದಪ್ಪಾ, ನೀನೇ ಬರಿ" ಎಂದರು. ಅವರು ತೀರಿಕೊಂಡರು, ಕಥೆಗಳೂ ಅವರೊಡನೆ ಹೋದವು. ನನಗೆ ಈಗ ನೆನಪಿರುವುದು ಅವರ ತಪ್ಪೊಂದೇ.

ಆ ತಪ್ಪಿಗೆ ಕಾರಣವಾದರೂ ಏನು? ನಿಜಾಮರ ಕಾಲದಲ್ಲಿ ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠವೂ ಉರ್ದುವಿನಲ್ಲಿಯೇ. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ನಗರದಲ್ಲಿ ನೆಲೆಸಿದ್ದ ಕನ್ನಡಿಗರು ಇಲ್ಲಿಯೇ ಉಳಿದರು. ಹಿರಿಯರ ಅಕ್ಷರ ತಪ್ಪಿದರೆ ಅದು ಬುದ್ಧಿಯ ಕೊರತೆಯಲ್ಲ, ಕಾಲದ ಫಲ. ಅದೇ ಉಸ್ಮಾನಿಯಾದಲ್ಲಿ ಓದಿದ ಸಿದ್ಧಯ್ಯ ಪುರಾಣಿಕರು 'ಕಾವ್ಯಾನಂದ'ರೆಂಬ ಹೆಸರಿನಿಂದ ಕನ್ನಡದ ಕವಿಗಳಾಗಿ, 1987ರಲ್ಲಿ ಗುಲಬರ್ಗಾ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರಲ್ಲವೇ?

ಬರವಣಿಗೆ ಪಂಡಿತರ ಸ್ವತ್ತು ಎಂಬ ಭಯವೂ ಬೇಡ. ಬೀದರ ಜಿಲ್ಲೆಯ ಕಲ್ಯಾಣದಲ್ಲಿ 12ನೆಯ ಶತಮಾನದ ಶರಣರು ಕೂಡಿದಾಗ ವಚನ ಹೇಳಿದವರು ಯಾರು? ಬಟ್ಟೆ ಒಗೆಯುವ ಮಾಚಿದೇವ, ದೋಣಿ ನಡೆಸುವ ಚೌಡಯ್ಯ, ಚೆಲ್ಲಿದ ಅಕ್ಕಿಯನ್ನು ಆಯುವ ಮನೆಯ ಲಕ್ಕಮ್ಮ. ತಮ್ಮ ಕೆಲಸದ ಮಾತನ್ನೇ ಅವರು ಸಾಹಿತ್ಯ ಮಾಡಿದರು. ಕೇಳುವ ಕೂಟ ಅವರಿಗಿತ್ತು. 1941ರಲ್ಲಿ ಈ ಹೈದರಾಬಾದಿನಲ್ಲಿಯೇ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಎ. ಆರ್. ಕೃಷ್ಣಶಾಸ್ತ್ರಿಗಳೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ ಮತ್ತು 'ಪ್ರಬುದ್ಧ ಕರ್ನಾಟಕ' ಪತ್ರಿಕೆಗಳ ಮೂಲಕ ಎಷ್ಟೋ ತರುಣರ ಕೈಗೆ ಲೇಖನಿ ಕೊಟ್ಟವರು. ಬರೆಯುವವನಿಗೆ ಪ್ರತಿಭೆಗಿಂತ ಮೊದಲು ಬೇಕಾದುದು ಕೇಳುವ ನಾಲ್ಕು ಜನ.

ವರ್ಗವೆಂದರೆ ದೊಡ್ಡ ಏರ್ಪಾಡೇನೂ ಬೇಕಿಲ್ಲ. ಹದಿನೈದು ದಿನಕ್ಕೊಮ್ಮೆ ಯಾರದಾದರೂ ಮನೆಯ ಪಡಸಾಲೆ, ಒಂದು ಜಮಖಾನೆ, ಹತ್ತು ಜನ, ಎರಡು ತಾಸು, ನಡುವೆ ಚಹಾ. ವಿಷಯ ಚಿಕ್ಕದಿರಲಿ. 'ತಾಯ್ನಾಡು' ಎಂದರೆ ಎಲ್ಲರೂ ಭಾಷಣ ಬರೆಯುತ್ತಾರೆ. 'ನಮ್ಮ ಮನೆಯ ಬೀಸುವ ಕಲ್ಲು' ಎಂದರೆ ಒಬ್ಬೊಬ್ಬರದೂ ಒಂದೊಂದು ಕಥೆ. ಬರೆದುದನ್ನು ಗಟ್ಟಿಯಾಗಿ ಓದಬೇಕು. ಕೇಳಿದವರು ಮನಸ್ಸಿನಲ್ಲಿ ನಿಂತದ್ದೇನೆಂದು ಮೊದಲು ಹೇಳಬೇಕು. ಎಲ್ಲಿ ಅರ್ಥವಾಗಲಿಲ್ಲವೆಂಬುದು ಆಮೇಲೆ. ಕಾಗುಣಿತದ ಮಾತು ಕೊನೆಗೆ, ಅದೂ ಒಬ್ಬರಿಗೊಬ್ಬರೇ ಕುಳಿತಾಗ.

ಅಕ್ಷರ ಬಾರದವರು ಬಾಯಿಂದ ಹೇಳಲಿ. ಕನ್ನಡ ಅಕ್ಷರ ಈಗಷ್ಟೇ ಕಲಿತ ಮಗಳೋ ಸೊಸೆಯೋ ಬರೆದುಕೊಳ್ಳಲಿ. 'ಬರಿಯಾಕ' ಎಂದರೆ 'ಬರಿಯಾಕ' ಎಂದೇ ಬರೆಯಲಿ, 'ಬರೆಯಲು' ಎಂದು ತಿದ್ದುವುದು ಬೇಡ. ಹಿರಿಯರ ಕಥೆ ಉಳಿದೀತು, ಕಿರಿಯರ ಕೈ ತಿರುಗೀತು. ಚೆನ್ನಾಗಿ ಬಂದುದು ಇಂಥ ಪತ್ರಿಕೆಯ ಪುಟಗಳಿಗೂ ಒದಗೀತು.

ನಿಮ್ಮ ಮನೆಯಲ್ಲಿಯೂ ಒಬ್ಬ ದೊಡ್ಡವ್ವ ಇದ್ದಾರು. ಬರುವ ರವಿವಾರ ಅಬಿಡ್ಸಿಗೆ ಹೋದರೆ ಪುಸ್ತಕದ ಜೊತೆಗೆ ಒಂದು ಖಾಲಿ ವಹಿಯನ್ನೂ ತನ್ನಿರಿ. ಅವರ ಮುಂದೆ ಕುಳಿತು, "ಹೇಳ್ರಿ, ಬರ್ಕೊಳ್ತೀನಿ" ಎನ್ನಿರಿ. ಅವರೇ ಬರೆಯುತ್ತೇನೆಂದರೆ ಲೇಖನಿಯನ್ನು ಅವರ ಕೈಗೆ ಕೊಡಿರಿ. ಬಾವಿ 'ಭಾವಿ'ಯಾದರೂ ಚಿಂತೆಯಿಲ್ಲ. ನಗಬೇಡಿರಿ, ಅಷ್ಟೇ.