ಮತ್ತೊಬ್ಬರ ಗಿರಾಕಿ

ತಂದೆಯವರು ತೀರಿಕೊಂಡ ಕೆಲವು ವರ್ಷಗಳ ಮೇಲೆ ಮೈಸೂರಿನ ನಮ್ಮ ಹಳೆಯ ಮನೆಯನ್ನು ಮಾರಬೇಕಾಗಿ ಬಂದಿತು. ಕನ್ನಡ ಪಾಠ ಹೇಳಿ ಜೀವಿಸುವವನಿಗೆ ಕ್ರಯವಿಕ್ರಯದ ವಿದ್ಯೆ ಎಲ್ಲಿಂದ ಬರಬೇಕು? ನೆರೆಯವರ ಸಲಹೆಯಂತೆ ಒಬ್ಬ ದಳ್ಳಾಳಿಯನ್ನು ಕರೆಸಿದೆ. ಐವತ್ತು ದಾಟಿದ, ಮಿತಭಾಷಿಯಾದ ಮನುಷ್ಯ. ಬಂದ ದಿನವೇ ಮನೆಯನ್ನು ಅಟ್ಟದಿಂದ ಹಿತ್ತಿಲಿನವರೆಗೆ ನೋಡಿ, ಖಾತೆಯ ನಕಲು, ಕಂದಾಯದ ರಸೀದಿ, ತಂದೆಯವರ ಕ್ರಯಪತ್ರ ಎಲ್ಲವನ್ನೂ ಕೇಳಿ ಪಡೆದರು. ಋಣಭಾರ ಪತ್ರಕ್ಕಾಗಿ ತಾವೇ ಓಡಾಡಿದರು. ಹಿತ್ತಿಲಲ್ಲಿ ಸೊಂಟದೆತ್ತರ ಬೆಳೆದಿದ್ದ ಕಳೆಯನ್ನು ಆಳಿಟ್ಟು ಕೀಳಿಸಿ, ಆ ಕೂಲಿಯನ್ನು ನನ್ನಿಂದ ಕೇಳಲೂ ಇಲ್ಲ. ಆಮೇಲೆ ಭಾನುವಾರಗಳಂದು ಒಬ್ಬೊಬ್ಬರನ್ನಾಗಿ ಕರೆತಂದು ತೋರಿಸತೊಡಗಿದರು. ಒಬ್ಬರಿಗೆ ಬೆಲೆ ಹೆಚ್ಚಾಯಿತು. ಮತ್ತೊಬ್ಬರ ಮನೆಯಾಕೆಗೆ ಅಡುಗೆಮನೆಯ ದಿಕ್ಕು ಹಿಡಿಸಲಿಲ್ಲ. ಮೂರು ತಿಂಗಳು ಹೀಗೆಯೇ ಕಳೆಯಿತು. ನಮ್ಮಿಬ್ಬರ ನಡುವೆ ಬರಹದ ಕರಾರು ಯಾವುದೂ ಇರಲಿಲ್ಲವೆಂಬುದನ್ನು ಓದುಗರು ಗಮನದಲ್ಲಿಡಬೇಕು.

ಒಂದು ಸಂಜೆ ಬೇಸರದಲ್ಲಿ ನಡೆದುಬರುತ್ತಿದ್ದಾಗ ಬೀದಿಯ ತಿರುವಿನಲ್ಲಿ ಮತ್ತೊಬ್ಬ ಮಧ್ಯವರ್ತಿಯ ಫಲಕ ಕಣ್ಣಿಗೆ ಬಿತ್ತು. ಅಲ್ಲಿಯೇ ನಿಂತು ದೂರವಾಣಿ ಮಾಡಿದೆ. ಮನೆ ಎಲ್ಲಿದೆ, ಎಷ್ಟು ಚದರ, ಏನು ಬೆಲೆ ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಸಿದ್ಧಮಾಡಿಕೊಂಡಿದ್ದೆ. ಆತನು ಕೇಳಿದ ಮೊದಲ ಪ್ರಶ್ನೆ ಬೇರೆಯೇ ಆಗಿತ್ತು: “ಮನೆಯನ್ನು ಈಗ ಯಾರಾದರೂ ತೋರಿಸುತ್ತಿದ್ದಾರೆಯೇ ಸ್ವಾಮಿ?”

“ಒಬ್ಬರಿದ್ದರು” ಎಂದೆ.

“ಇದ್ದರೋ, ಇದ್ದಾರೋ?”

ಇಪ್ಪತ್ತು ವರ್ಷ ವ್ಯಾಕರಣ ಹೇಳಿಕೊಟ್ಟವನನ್ನು ಕ್ರಿಯಾಪದದ ಕಾಲದ ವಿಷಯದಲ್ಲಿ ಹೀಗೆ ಹಿಡಿದು ನಿಲ್ಲಿಸಿದವರು ಆವರೆಗೆ ಯಾರೂ ಇರಲಿಲ್ಲ. ನಾನು ತಡವರಿಸಿದೆ. ಆತನು ಸಮಾಧಾನವಾಗಿಯೇ ಹೇಳಿದ: “ಹಾಗಾದರೆ ಮೊದಲು ಅವರಿಗೆ ತಿಳಿಸಿ. ಅವರು ಯಾರುಯಾರಿಗೆ ಮನೆ ತೋರಿಸಿದ್ದಾರೋ ಆ ಹೆಸರುಗಳನ್ನು ಬರೆಸಿಕೊಂಡು ಬನ್ನಿ. ಆಮೇಲೆ ನಾವು ಮಾತಾಡೋಣ.”

ಆ ಕ್ಷಣಕ್ಕೆ ನನಗೆ ಸಿಟ್ಟೇ ಬಂದಿತು. ಮನೆ ನನ್ನದು; ಯಾರಿಗೆ ಬೇಕಾದರೂ ಒಪ್ಪಿಸುವ ಸ್ವಾತಂತ್ರ್ಯ ನನಗಿಲ್ಲವೆ? ಗಿರಾಕಿಯೇನು ದಳ್ಳಾಳಿಯ ಕೊಟ್ಟಿಗೆಯಲ್ಲಿ ಕಟ್ಟಿದ ದನವೆ? ಈ ಪ್ರಶ್ನೆ ನ್ಯಾಯವಾದದ್ದೇ ಎಂದು ಈಗಲೂ ನನಗೆ ತೋರುತ್ತದೆ. ಆದರೆ ಉತ್ತರವು ನಾನು ಆಗ ಎಣಿಸಿದಷ್ಟು ಸುಲಭವಾಗಿರಲಿಲ್ಲ.

ಈ ಕುತೂಹಲದಿಂದ, ಈ ವೃತ್ತಿಗೆ ಬರಹದ ನಿಯಮಾವಳಿಯನ್ನು ಮಾಡಿಕೊಂಡವರು ಯಾರಿದ್ದಾರೆಂದು ಹುಡುಕಿದೆ. ಅಮೆರಿಕದಲ್ಲಿ ಸ್ಥಿರಾಸ್ತಿಯ ಮಧ್ಯವರ್ತಿಗಳು 1908ರಲ್ಲಿ ಷಿಕಾಗೋ ನಗರದಲ್ಲಿ ಒಂದು ರಾಷ್ಟ್ರೀಯ ಸಂಘವನ್ನು ಕಟ್ಟಿಕೊಂಡರು. 1913ರಲ್ಲಿ ತಮ್ಮ ನೀತಿಸಂಹಿತೆಯನ್ನು ಅಂಗೀಕರಿಸಿದರು. ಈಗಿನ ಸಂಹಿತೆಯ 16ನೆಯ ವಿಧಿಯು ಪೂರ್ತಿಯಾಗಿ ನನ್ನ ಸಮಸ್ಯೆಗೇ ಮೀಸಲಾದಂತಿದೆ. ಒಬ್ಬ ಮಧ್ಯವರ್ತಿಯು ತನ್ನ ಗಿರಾಕಿಯೊಡನೆ ಮಾಡಿಕೊಂಡ ಏಕಸ್ವಾಮ್ಯದ ಒಪ್ಪಂದಕ್ಕೆ ಮತ್ತೊಬ್ಬನು ಭಂಗ ತರಕೂಡದು. ಯಾರಾದರೂ ಬಂದು ಕೇಳಿದಾಗ, ಅವರಿಗೆ ಬೇರೆಯವರೊಡನೆ ಅಂತಹ ಒಪ್ಪಂದವುಂಟೇ ಎಂದು ವಿಚಾರಿಸುವುದು ಕೇಳಿಸಿಕೊಂಡವನ ಕರ್ತವ್ಯ. ತಿಳಿದಿರಲಿಲ್ಲವೆಂದು ಕೈತೊಳೆದುಕೊಳ್ಳುವುದಕ್ಕೆ ಅವಕಾಶವಿಲ್ಲದಂತೆ ಈ ಹೊರೆಯನ್ನು ಅವನ ಮೇಲೆಯೇ ಹೇರಿದ್ದಾರೆ.

ಹಾಗೆಂದು ಗಿರಾಕಿಯ ಬಾಯನ್ನು ಅವರು ಕಟ್ಟಿಲ್ಲ. ಇಲ್ಲಿಯೇ ಆ ಸಂಹಿತೆಯ ಸೂಕ್ಷ್ಮವಿರುವುದು. ತಾನು ಕರೆಯದೆ, ಸುಳಿವು ಕೊಡದೆ, ಮತ್ತೊಬ್ಬರ ಗಿರಾಕಿಯು ತಾನಾಗಿಯೇ ಬಂದು ಮಾತೆತ್ತಿದರೆ, ಮುಂದೆ ಯಾವ ಷರತ್ತುಗಳ ಮೇಲೆ ಕೆಲಸ ಮಾಡಬಹುದೆಂದು ಮಾತನಾಡಬಹುದು. ಹಳೆಯ ಒಪ್ಪಂದದ ಅವಧಿ ಮುಗಿದ ಮರುಕ್ಷಣದಿಂದ ಜಾರಿಗೆ ಬರುವ ಹೊಸ ಒಪ್ಪಂದವನ್ನು ಮಾಡಿಕೊಳ್ಳಲೂಬಹುದು. ಹುಡುಕಿಕೊಂಡು ಹೋಗಿ ಸೆಳೆಯಬಾರದು, ಅಷ್ಟೆ. ಅವಧಿ ಮುಗಿದಾಗ ಹಳೆಯ ಮಧ್ಯವರ್ತಿಯು ತಾನು ಮನೆ ತೋರಿಸಿದವರ ಹೆಸರುಗಳ ಪಟ್ಟಿಯನ್ನು ಒಡೆಯನಿಗೆ ಕೊಡುವ ರೂಢಿಯೂ ಅಲ್ಲಿ ಉಂಟು. ಅವರಲ್ಲೊಬ್ಬರು ಗೊತ್ತಾದ ದಿನಗಳೊಳಗೆ ಕೊಂಡರೆ ದಳ್ಳಾಳಿ ಅವನಿಗೇ ಸಲ್ಲಬೇಕೆಂದು ಎಷ್ಟೋ ಕರಾರುಗಳಲ್ಲಿ ಬರೆದಿರುತ್ತದೆ. ಮೈಸೂರಿನ ಆ ಮನುಷ್ಯನು ಕೇಳಿದ ಚೀಟಿಯೂ ಇಂತಹುದೇ ಅಲ್ಲವೆ? ಆತನು ಅಮೆರಿಕದ ಸಂಹಿತೆಯನ್ನು ಓದಿದ್ದನೆಂದು ನನಗೆ ತೋರುವುದಿಲ್ಲ.

ಅಲ್ಲಿಯೂ ಬಹುಕಾಲದವರೆಗೆ ಮನೆ ಮಾರುವವನ ಒಪ್ಪಂದವೇ ಸಾಮಾನ್ಯವಾಗಿ ಬರಹದಲ್ಲಿರುತ್ತಿತ್ತು. ಕೊಳ್ಳುವವನದು ಎಷ್ಟೋ ಸಲ ಬಾಯಿಮಾತಿನಲ್ಲಿಯೇ ನಡೆಯುತ್ತಿತ್ತು. ದಳ್ಳಾಳಿಯ ದರದ ಬಗೆಗೆ ಹೂಡಿದ್ದ ದಾವೆಗಳು ರಾಜಿಯಾದ ಮೇಲೆ, 2024ರ ಆಗಸ್ಟ್ 17ರಿಂದ, ಆ ಸಂಘದ ವ್ಯವಸ್ಥೆಯಲ್ಲಿ ಕೆಲಸ ಮಾಡುವವರು ಕೊಳ್ಳುವವನಿಗೆ ಮನೆ ತೋರಿಸುವ ಮೊದಲೇ ಬರಹದ ಒಪ್ಪಂದ ಮಾಡಿಕೊಳ್ಳಬೇಕೆಂದಾಗಿದೆ. ಹೀಗಾಗಿ “ನೀವು ಬೇರೆಯವರೊಡನೆ ಸಹಿ ಮಾಡಿದ್ದೀರಾ?” ಎಂಬ ಪ್ರಶ್ನೆಯ ತೂಕ ಇನ್ನೂ ಹೆಚ್ಚಿದೆ.

ಇದೆಲ್ಲವೂ ದಳ್ಳಾಳಿಗಳು ತಮ್ಮ ಹೊಟ್ಟೆಪಾಡಿಗಾಗಿ ಕಟ್ಟಿಕೊಂಡ ಬೇಲಿಯೆಂದು ಯಾರಾದರೂ ಹೇಳಿದರೆ ನಾನು ಪೂರ್ತಿ ಅಲ್ಲಗಳೆಯಲಾರೆ. ಆದರೆ ಬೇಲಿಯು ಹೊಲದವನಿಗೂ ಒಂದಿಷ್ಟು ಉಪಕಾರ ಮಾಡುತ್ತದೆ. ಇಬ್ಬರು ಮಧ್ಯವರ್ತಿಗಳು ಒಂದೇ ವ್ಯಾಪಾರವನ್ನು ತಾನು ಮಾಡಿಸಿದ್ದೆಂದು ಹೇಳಿಕೊಂಡರೆ, ಎರಡು ಕಡೆಗೂ ತೆರಬೇಕಾದ ಸಂಕಟ ಬರುವುದು ಮನೆಯೊಡೆಯನಿಗೆ. ಹಣಕ್ಕಿಂತ ಗಹನವಾದ ಮತ್ತೊಂದುಂಟು. ನಾನು ಕಟ್ಟಕಡೆಗೆ ಎಷ್ಟಕ್ಕೆ ಇಳಿಯಬಲ್ಲೆ, ತಮ್ಮನ ಸಾಲ ತೀರಿಸಲು ಹಣ ಯಾವಾಗ ಬೇಕು, ಎಂಬ ಗುಟ್ಟುಗಳೆಲ್ಲ ಮೊದಲನೆಯವರ ಬಳಿಯಲ್ಲಿದ್ದವು. ಒಬ್ಬರ ಕೈಯಲ್ಲಿ ಇಷ್ಟನ್ನು ಇಟ್ಟು, ಅವರಿಗೆ ತಿಳಿಸದೆ ಮತ್ತೊಬ್ಬರ ಬಾಗಿಲು ತಟ್ಟುವುದರಲ್ಲಿ ಅವಿವೇಕವೂ ಇದೆ, ಒರಟುತನವೂ ಇದೆ.

ನಮ್ಮ ದೇಶದಲ್ಲಿ ವಕೀಲರಿಗೆ ಈ ಮರ್ಯಾದೆಯು ಬರಹದಲ್ಲಿಯೇ ಇದೆ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳ ಪ್ರಕಾರ, ಒಬ್ಬರ ವಕಾಲತ್ತು ಇರುವ ಮೊಕದ್ದಮೆಯಲ್ಲಿ ಮತ್ತೊಬ್ಬರು ಅವರ ಒಪ್ಪಿಗೆಯಿಲ್ಲದೆ ಹಾಜರಾಗತಕ್ಕದ್ದಲ್ಲ. ಒಪ್ಪಿಗೆ ಸಿಗದಿದ್ದರೆ ಕಾರಣ ತಿಳಿಸಿ ನ್ಯಾಯಾಲಯದ ಅನುಮತಿ ಪಡೆಯಬೇಕು. ಮನೆಯ ದಳ್ಳಾಳಿಗೆ ಇಂತಹ ನಿಯಮವಿಲ್ಲ. 1872ರ ಕರಾರು ಕಾಯಿದೆಯಲ್ಲಿ ಏಜೆಂಟನ ಅಧ್ಯಾಯವೊಂದಿದೆ. ಬೇರೆ ಕರಾರಿಲ್ಲದಿದ್ದರೆ ಕೆಲಸ ಪೂರ್ತಿಯಾಗುವವರೆಗೆ ಅವನಿಗೆ ಸಂಭಾವನೆ ಸಲ್ಲುವುದಿಲ್ಲವೆಂದು ಅದು ಹೇಳುತ್ತದೆ. ನನ್ನ ಮನೆಯ ಕಳೆ ಕೀಳಿಸಿದವರಿಗೆ ಕಾಯಿದೆಯ ಲೆಕ್ಕದಲ್ಲಿ ಸಲ್ಲುವುದು ಸೊನ್ನೆ! 2016ರ ಸ್ಥಿರಾಸ್ತಿ ಕಾಯಿದೆ ಬಂದ ಮೇಲೆ, ನೋಂದಾಯಿತ ಯೋಜನೆಗಳ ನಿವೇಶನ, ಮನೆಗಳನ್ನು ಮಾರಿಸುವ ಏಜೆಂಟರು ತಾವೂ ನೋಂದಾಯಿಸಿಕೊಳ್ಳಬೇಕು, ಲೆಕ್ಕಪತ್ರ ಇಡಬೇಕು, ಸುಳ್ಳು ಭರವಸೆ ಕೊಡಕೂಡದು. ಆದರೆ ನಮ್ಮದರಂತಹ ಹಳೆಯ ಹೆಂಚಿನ ಮನೆಯ ಮರುಮಾರಾಟ ಅದರ ಹೊರಗೇ ಉಳಿದಿದೆ.

ಕಾಯಿದೆಯಿಲ್ಲದಿದ್ದರೂ ವೃತ್ತಿಗೊಂದು ಧರ್ಮವುಂಟೆಂಬ ಮಾತು ನಮಗೆ ಹೊಸದಲ್ಲ. ಇಂದಿನ ಐಹೊಳೆಯಾದ ಅಯ್ಯಾವೊಳೆಯ ಐನೂರ್ವರೆಂಬ ವರ್ತಕರು ತಮ್ಮನ್ನು ವೀರಬಣಂಜುಧರ್ಮದ ಪರಿಪಾಲಕರೆಂದು ಶಾಸನಗಳಲ್ಲಿ ಹೇಳಿಸಿಕೊಂಡಿದ್ದಾರೆ. ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ಬಾಲ್ಯದಲ್ಲಿ ತಾತನೊಡನೆ ದನಗಳ ಜಾತ್ರೆಗೆ ಹೋಗುತ್ತಿದ್ದೆ. ಮಾರುವವನೂ ದಳ್ಳಾಳಿಯೂ ಟವಲಿನ ಮರೆಯಲ್ಲಿ ಕೈಗೆ ಕೈ ಸೇರಿಸಿ, ಬೆರಳು ಒತ್ತಿ ಬೆಲೆ ಕಟ್ಟುತ್ತಿದ್ದರು. ಸುತ್ತ ಹತ್ತಾರು ಜನ ನಿಂತು ನೋಡುತ್ತಿದ್ದರೂ, ಎರಡು ಕೈಗಳಿದ್ದ ಟವಲಿನೊಳಕ್ಕೆ ಮೂರನೆಯ ಕೈ ನುಗ್ಗಿದ್ದನ್ನು ನಾನು ಕಾಣೆ. ಆ ಕೈಗಳು ಬಿಟ್ಟುಕೊಂಡು ಹೊರಗೆ ಬಂದ ಮೇಲೆಯೇ ಮತ್ತೊಬ್ಬನು ಮುಂದೆ ಬರುತ್ತಿದ್ದ. ದಳ್ಳಾಳಿ ಎಂಬ ಪದವನ್ನು ನಾವು ಹೀನಾರ್ಥದಲ್ಲಿ ಬಳಸಿ ಹಾಳುಮಾಡಿದ್ದೇವೆ. ಅದರ ಹಿಂದಿರುವ ಅರಬ್ಬೀ ಧಾತುವಿಗೆ ದಾರಿ ತೋರಿಸು ಎಂಬ ಅರ್ಥವಿದೆ.

ಮರುದಿನ ಮೊದಲನೆಯವರ ಮನೆಗೆ ಹೋದೆ. ಹೇಳುವುದು ಕಷ್ಟವಾಯಿತು. ಅವರು ಕೇಳಿಸಿಕೊಂಡರು, ಯಾಕೆಂದು ಪ್ರಶ್ನಿಸಲಿಲ್ಲ. ಒಳಗಿನಿಂದ ಒಂದು ಪುಸ್ತಕ ತಂದು, ಏಳು ಹೆಸರುಗಳನ್ನು ತಾರೀಕಿನೊಡನೆ ಒಂದು ಹಾಳೆಗೆ ಇಳಿಸಿ, ಹರಿದು ಕೊಟ್ಟರು. ಕಾಫಿ ತರಿಸಿದರು. ಕುಡಿಯುವವರೆಗೆ ಇಬ್ಬರೂ ಮಾತಾಡಲಿಲ್ಲ.

ಎರಡನೆಯವನ ಮೂಲಕ ಆರು ವಾರಗಳಲ್ಲಿ ಮನೆ ಮಾರಾಟವಾಯಿತು. ಕೊಂಡವರು ಪಟ್ಟಿಯಲ್ಲಿದ್ದ ನಾಲ್ಕನೆಯವರ ಭಾವಮೈದುನ. ಸ್ವತಃ ಆ ಹೆಸರು ಪಟ್ಟಿಯಲ್ಲಿರಲಿಲ್ಲ. ನಾನಾಗಿದ್ದರೆ ಸುಮ್ಮನಿರುತ್ತಿದ್ದೆನೆಂದು ಒಪ್ಪಿಕೊಳ್ಳುತ್ತೇನೆ. ಮಾರಾಟವನ್ನು ಆರಂಭಿಸಿ ಮುಟ್ಟಿಸಿದ ನಿಜವಾದ ಕಾರಣ ಯಾರೆಂಬ ಇಂತಹ ಪ್ರಶ್ನೆಗಳನ್ನು ಅಮೆರಿಕದಲ್ಲಿ ಸಂಘದ ಪಂಚಾಯಿತಿಯ ಮುಂದೆ ದಿನಗಟ್ಟಲೆ ವಾದಿಸುತ್ತಾರೆ. ನಮ್ಮಲ್ಲಿ ಅದು ಒಂದು ಮಾತಿನಲ್ಲಿ ಮುಗಿಯಿತು. “ಭಾವ ನೋಡಿ ಹೇಳದಿದ್ದರೆ ಇವರು ಬರುತ್ತಿದ್ದರೇ ಸ್ವಾಮಿ? ಅರ್ಧ ಅವರದು” ಎಂದ ಆತ. ನಾನು ಒಪ್ಪಿದ್ದ ದಳ್ಳಾಳಿ ಶೇ. 2. ಅದರಲ್ಲಿ ಅರ್ಧವನ್ನು ಪ್ರತ್ಯೇಕ ಚೆಕ್ಕಿನಲ್ಲಿ ಬರೆಯಿಸಿದ.

ನೋಂದಣಿಯ ದಿನ ಸಾಕ್ಷಿಗೆ ಇಬ್ಬರು ಬೇಕಾಗಿತ್ತು. ಆತನೇ ಹಿಂದಿನ ರಾತ್ರಿ ಮೊದಲನೆಯವರಿಗೆ ಹೇಳಿಕಳುಹಿಸಿದ್ದ. ಅವರು ಹತ್ತು ಗಂಟೆಗೆ ಸರಿಯಾಗಿ ಬಂದರು. ಎರಡನೆಯವನೊಡನೆ ಮಳೆಬೆಳೆಯ ಮಾತಾಡಿದರು, ನನ್ನೊಡನೆ ಹೆಚ್ಚು ಆಡಲಿಲ್ಲ. ಕ್ರಯಪತ್ರದ ಕೊನೆಯ ಪುಟದಲ್ಲಿ ಅವರಿಬ್ಬರ ಸಹಿಗಳು ಒಂದರ ಕೆಳಗೊಂದು ಇವೆ. ನಕಲು ನನ್ನ ಬಳಿಯಲ್ಲಿದೆ.