ಜರ್ಮನ್ ಕಲಿಯಲು ಮೊಬೈಲೋ, ತರಗತಿಯೋ?

ಜರ್ಮನಿಯಲ್ಲಿ ನರ್ಸ್ ಆಗಲು ಹೊರಟವರು ಸಾಮಾನ್ಯವಾಗಿ ಬಿ2 ಹಂತದ ಭಾಷಾ ಪರೀಕ್ಷೆ ಪಾಸಾಗಬೇಕು. ಅದಕ್ಕೆ ಆ್ಯಪ್ ಸಾಕೇ? ಗೊಯೆಥೆ ಸಂಸ್ಥೆಯ ಬೆಂಗಳೂರು ಕೇಂದ್ರವಾದ ಮ್ಯಾಕ್ಸ್ ಮುಲ್ಲರ್ ಭವನದಂಥ ಕಡೆ ತರಗತಿಗೆ ಸೇರಬೇಕೇ?

2012ರಲ್ಲಿ ಎಲ್ಲರಿಗೂ ಮುಕ್ತವಾದ ಡ್ಯುಯೊಲಿಂಗೊದಂಥ ಆ್ಯಪ್‌ಗಳ ಬಲ ಪುನರಾವರ್ತನೆ. ಕಲಿತದ್ದು ಎಷ್ಟು ಬೇಗ ಮರೆಯುತ್ತದೆಂದು ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು. ಮರೆಯುವ ಹೊತ್ತಿಗೆ ಪದವನ್ನು ಮತ್ತೆ ಮುಂದಿಡುವುದೇ ಆ್ಯಪ್‌ನ ಜಾಣ್ಮೆ. ಬಸ್ಸಿನಲ್ಲಿ ಕೂತೇ ಪದಸಂಪತ್ತು ಬೆಳೆಯುತ್ತದೆ, ಖರ್ಚೂ ಕಡಿಮೆ.

ಮಾತಿನ ವಿಷಯ ಬೇರೆ.

ಗೊಯೆಥೆ ಸಂಸ್ಥೆಯ ಬಿ2 ಪರೀಕ್ಷೆಯಲ್ಲಿ ಓದು, ಬರಹ, ಆಲಿಸುವಿಕೆಯ ಜೊತೆಗೆ ಮಾತೂ ಇದೆ: ವಿಷಯ ಮಂಡಿಸಬೇಕು, ಎದುರಿನವರೊಡನೆ ಚರ್ಚಿಸಬೇಕು. ಆ ಅಭ್ಯಾಸಕ್ಕೆ ತರಗತಿಯೇ ಸರಿ. ಅಲ್ಲಿ ಉಚ್ಚಾರ ತಪ್ಪಿದರೆ ಶಿಕ್ಷಕರು ಕೂಡಲೇ ತಿದ್ದುತ್ತಾರೆ, ವಾಕ್ಯ ಎಲ್ಲಿ ಎಡವಿತೆಂದು ಬಿಡಿಸಿ ಹೇಳುತ್ತಾರೆ. ಪದಗಳಿಗೆ ದಿನವೂ ಆ್ಯಪ್, ಮಾತಿಗೂ ಬರಹಕ್ಕೂ ತರಗತಿ ಎಂದು ಹಂಚಿಕೊಂಡರೆ ತಯಾರಿ ಗಟ್ಟಿಯಾಗುತ್ತದೆ.