ಪ್ರವಾದಿಯ ಮಾತು, ತೂಕದ ಕಲ್ಲು

ಒಮ್ಮೆ ನಮ್ಮ ಶಾಲೆಯ ಒಂಬತ್ತನೆಯ ತರಗತಿಯಲ್ಲಿ ಪಾಠದ ನಡುವೆ ‘ಪ್ರವಾದಿ’ ಎಂಬ ಶಬ್ದ ಬಂದಿತು. ಅರ್ಥವೇನೆಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಮುಂದೆ ಆಗುವುದನ್ನು ಮೊದಲೇ ಹೇಳುವವರು, ಸಾರ್, ಜೋಯಿಸರ ಹಾಗೆ” ಎಂದ. ತರಗತಿ ನಕ್ಕಿತು. ಹುಡುಗ ಕೂರಲಿಲ್ಲ. “ಆಗುವುದೆಲ್ಲ ಮೊದಲೇ ಗೊತ್ತಾಗಿದ್ದರೆ ನಾವು ಒಳ್ಳೆಯವರಾಗಿದ್ದು ಏನು ಬಂತು, ಸಾರ್?” ಎಂದು ಮತ್ತೆ ಕೇಳಿದ. ಅಷ್ಟರಲ್ಲಿ ಗಂಟೆ ಹೊಡೆಯಿತು. ಹೊಡೆಯದೆ ಇದ್ದಿದ್ದರೂ ನನ್ನಲ್ಲಿ ಆ ಹೊತ್ತಿಗೆ ಉತ್ತರ ಸಿದ್ಧವಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು.

ಹುಡುಗನ ಪ್ರಶ್ನೆ ಹೊಸದಲ್ಲ. ಕ್ರೈಸ್ತ ಧರ್ಮದ ಎರಡು ಸಾವಿರ ವರ್ಷಗಳ ಚಿಂತನೆಯಲ್ಲಿ ಅದು ಮತ್ತೆ ಮತ್ತೆ ಎದ್ದಿದೆ. ಅದಕ್ಕೆ ಬೈಬಲ್ಲಿನ ಪ್ರವಾದಿಗಳಲ್ಲಿಯೇ ದೊರೆಯುವ ಸಮಾಧಾನವೇನೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸಲು ಯತ್ನಿಸುತ್ತೇನೆ.

ಮೊದಲು ಶಬ್ದವನ್ನು ನೋಡೋಣ. ಬೈಬಲ್ಲನ್ನು ಕನ್ನಡಕ್ಕೆ ತಂದವರು ಕಣಿ, ಕಾಲಜ್ಞಾನ, ಭವಿಷ್ಯ ಮುಂತಾದ ಬಳಕೆಯ ಮಾತುಗಳಿದ್ದರೂ ‘ಪ್ರವಾದಿ’ ಎಂಬ ಪದವನ್ನು ಆರಿಸಿಕೊಂಡರು. ಪ್ರವಾದವೆಂದರೆ ಎತ್ತಿ ಹೇಳುವುದು, ಸಾರುವುದು. ಮೂಲ ಹೀಬ್ರೂ ಭಾಷೆಯಲ್ಲಿ ಈ ಅರ್ಥಕ್ಕಿರುವ ಶಬ್ದ ‘ನಾಬಿ’. ಅದರ ಬಳಕೆ ಹೇಗೆಂಬುದು ವಿಮೋಚನಕಾಂಡದ ಒಂದು ಪ್ರಸಂಗದಿಂದ ತಿಳಿಯುತ್ತದೆ. ತನಗೆ ಮಾತು ತಡವರಿಸುತ್ತದೆಂದು ಮೋಶೆ ಹಿಂಜರಿದಾಗ, ಅವನ ಅಣ್ಣ ಆರೋನನು ಅವನಿಗೆ ‘ನಾಬಿ’ಯಾಗುವನೆಂದು ದೇವರು ಹೇಳುತ್ತಾನೆ. ಇಲ್ಲಿ ಭವಿಷ್ಯದ ಮಾತೇ ಇಲ್ಲ. ಇನ್ನೊಬ್ಬನ ಪರವಾಗಿ, ಅವನ ಬಾಯಾಗಿ ನುಡಿಯುವವನೇ ಪ್ರವಾದಿ. ಮುಂದಾಗುವುದನ್ನು ಅವನು ಹೇಳುವುದುಂಟು. ಆದರೆ ಅದು ಇಂದಿನ ನಡತೆಯನ್ನು ತಿದ್ದಲು ಹೇಳುವ ಮಾತು.

ಇದಕ್ಕೆ ಆಮೋಸನು ಒಳ್ಳೆಯ ನಿದರ್ಶನ. ಕ್ರಿ. ಪೂ. 8ನೆಯ ಶತಮಾನದವನು, ಬೇತ್ಲೆಹೇಮಿನ ದಕ್ಷಿಣಕ್ಕಿರುವ ತೆಕೋವ ಎಂಬ ಊರಿನವನು. ಕುರಿ ಕಾಯುವುದು, ಅತ್ತಿಯ ಜಾತಿಯ ಮರಗಳನ್ನು ನೋಡಿಕೊಳ್ಳುವುದು ಅವನ ಕಸುಬು. ಎರಡನೆಯ ಯಾರೊಬ್ಬಾಮನು ಆಳುತ್ತಿದ್ದ ಉತ್ತರದ ಇಸ್ರಾಯೇಲ್ ರಾಜ್ಯ ಆಗ ಸಂಪತ್ತಿನಿಂದ ಮೆರೆಯುತ್ತಿತ್ತು. ಅಲ್ಲಿನ ಬೇತೇಲಿನ ಗುಡಿಗೆ ಹೋಗಿ ಈ ಕುರುಬ ರಾಜ್ಯದ ನಾಶವನ್ನು ಸಾರಿದ. ಪುರೋಹಿತನಾದ ಅಮಚ್ಯನು ಅವನನ್ನು ಗದರಿಸಿ, ನಿನ್ನ ನಾಡಿಗೆ ಹೋಗಿ ಹೊಟ್ಟೆ ಹೊರೆದುಕೋ ಎಂದು ಅಟ್ಟಲು ನೋಡಿದ. ಪ್ರವಾದನೆ ತನ್ನ ಹೊಟ್ಟೆಪಾಡಲ್ಲವೆಂದು ಆಮೋಸನು ಉತ್ತರಕೊಟ್ಟ.

ನಾಶಕ್ಕೆ ಅವನು ಹೇಳಿದ ಕಾರಣವನ್ನು ಓದುಗರು ಗಮನಿಸಬೇಕು. ಗ್ರಹಗತಿಯನ್ನಾಗಲಿ, ಶಕುನವನ್ನಾಗಲಿ ಅವನು ಎತ್ತಲಿಲ್ಲ. ಪೇಟೆಯ ತಕ್ಕಡಿಯನ್ನು ತೋರಿಸಿದ. ಆಗ ಆ ನಾಡಿನಲ್ಲಿ ನಾಣ್ಯಗಳ ಚಲಾವಣೆ ಇನ್ನೂ ಬಂದಿರಲಿಲ್ಲ. ಬೆಲೆಯನ್ನು ಬೆಳ್ಳಿಯ ತೂಕದಲ್ಲಿ ಕೊಡುತ್ತಿದ್ದರು. ಶೆಕೆಲ್ ಎಂಬುದು ತೂಕ, ಇಂದಿನ ಲೆಕ್ಕದಲ್ಲಿ ಸುಮಾರು 11 ಗ್ರಾಂ. ಏಫಾ ಎಂಬುದು ನಮ್ಮ ಕೊಳಗದ ಹಾಗೆ ಧಾನ್ಯ ಅಳೆಯುವ ಪಾತ್ರೆ. ವರ್ತಕನು ಪಾತ್ರೆಯನ್ನು ಕಿರಿದು ಮಾಡಿದರೆ ಕೊಡುವ ಧಾನ್ಯ ಕಡಿಮೆಯಾಗುತ್ತದೆ. ತೂಕದ ಕಲ್ಲನ್ನು ಭಾರ ಮಾಡಿದರೆ ಬರುವ ಬೆಳ್ಳಿ ಹೆಚ್ಚಾಗುತ್ತದೆ. ಹೀಗೆ ಎರಡು ಕಡೆಯಿಂದಲೂ ಬಡವನನ್ನು ಸುಲಿದು, ಗೋದಿಯ ಕಸವನ್ನೂ ಮಾರಿ, ಕೊನೆಗೆ ಸಾಲ ತೀರಿಸಲಾರದವನನ್ನು ಒಂದು ಜೊತೆ ಕೆರದ ಬೆಲೆಗೆ ಕೊಳ್ಳುತ್ತಿದ್ದರು. ಹಬ್ಬದ ದಿನ ಅಂಗಡಿ ಮುಚ್ಚಬೇಕಾದಾಗ, ಇದು ಎಂದಿಗೆ ಮುಗಿದೀತೆಂದು ಅವರು ಚಡಪಡಿಸುತ್ತಿದ್ದರಂತೆ. ಗುಡಿಯಲ್ಲಿ ಬಲಿ, ಹಾಡು, ಉತ್ಸವಗಳಿಗೆ ಮಾತ್ರ ಕೊರತೆ ಇರಲಿಲ್ಲ. ಒಂದು ರಾಜ್ಯದ ಅಳಿವು ಉಳಿವು ಅಂಗಡಿಯವನ ಕೈಯಲ್ಲಿರುವ ಕಲ್ಲಿನಲ್ಲಿದೆ ಎಂಬುದೇ ಆಮೋಸನ ಪ್ರವಾದನೆ. ಆ ರಾಜ್ಯ ಕ್ರಿ. ಪೂ. 722ರ ಸುಮಾರಿಗೆ ಅಸ್ಸೀರಿಯದವರಿಗೆ ಸೋತು ಅಳಿಯಿತು.

ಹಾಗಾದರೆ ಹೇಳಿದ್ದು ಆಗಿಯೇ ತೀರುತ್ತದೆಯೆ? ಯೋನನ ಕಥೆ ಅಲ್ಲವೆನ್ನುತ್ತದೆ. ಮೀನಿನ ಹೊಟ್ಟೆಯೊಳಗಿನ ಯೋನನನ್ನು ಎಲ್ಲರೂ ಬಲ್ಲರು. ಕಥೆಯ ಸಾರವಿರುವುದು ಅದರ ಉತ್ತರಾರ್ಧದಲ್ಲಿ. ನಲವತ್ತು ದಿನಗಳಲ್ಲಿ ನಿನೆವೆ ಪಟ್ಟಣ ಹಾಳಾಗುವುದೆಂದು ಯೋನನು ಸಾರಿದ. ಪಟ್ಟಣದವರು ನಂಬಿದರು, ಅರಸನಿಂದ ಹಿಡಿದು ಎಲ್ಲರೂ ಗೋಣಿತಟ್ಟನ್ನು ಉಟ್ಟು, ಬಲಾತ್ಕಾರವನ್ನು ಬಿಟ್ಟರು. ಪಟ್ಟಣ ಉಳಿಯಿತು. ಯೋನನಿಗೆ ಮಾತ್ರ ಸಿಟ್ಟು ಬಂದಿತು, ತನ್ನ ಮಾತು ಸುಳ್ಳಾಯಿತೆಂದು. ಎಡಗೈ ಬಲಗೈ ಅರಿಯದ 1,20,000ಕ್ಕೂ ಹೆಚ್ಚು ಜನ, ಜೊತೆಗೆ ಅಷ್ಟೊಂದು ದನಕರು ಇರುವ ಈ ಪಟ್ಟಣಕ್ಕಾಗಿ ನಾನು ಮರುಗಬಾರದೆ ಎಂದು ದೇವರು ಕೇಳುವಲ್ಲಿಗೆ ಗ್ರಂಥ ಮುಗಿಯುತ್ತದೆ. ಜೋಯಿಸರ ಮಾತು ಫಲಿಸದಿದ್ದರೆ ಅವರು ಸೋತರು. ಪ್ರವಾದಿಯ ಎಚ್ಚರಿಕೆ ಫಲಿಸದೆ ಹೋದರೆ ಅವನು ಗೆದ್ದನು. ಮನೆಯಲ್ಲಿ ತಾಯಿ “ಬಾವಿಯ ಹತ್ತಿರ ಆಡಬೇಡ, ಬೀಳುತ್ತೀ” ಎಂದರೆ ಬೀಳಲೆಂದು ಹೇಳಿದಳೆ?

ಯೆರೆಮೀಯನ ಚರಿತ್ರೆ ಇನ್ನೊಂದು ಬಗೆಯದು. ಕ್ರಿ. ಪೂ. 597ರಲ್ಲಿ ಯೆರೂಸಲೇಮಿನ ಅನೇಕರು ಸೆರೆಯಾಳುಗಳಾಗಿ ಬಾಬಿಲೋನಿಗೆ ಹೋದರು. ಎರಡೇ ವರ್ಷಗಳಲ್ಲಿ ಎಲ್ಲವೂ ಸರಿಹೋಗುವುದೆಂದು ಹನನ್ಯನೆಂಬ ಪ್ರವಾದಿ ಸಾರಿದ. ಜನಕ್ಕೆ ಅದು ಹಿತವಾಯಿತು. ಯೆರೆಮೀಯನು ಸೆರೆಯವರಿಗೆ ಬರೆದ ಓಲೆಯಲ್ಲಿ ಎಪ್ಪತ್ತು ವರ್ಷಗಳೆಂದ. ಮನೆ ಕಟ್ಟಿಕೊಳ್ಳಿ, ತೋಟ ಹಾಕಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಸೆರೆಹಿಡಿದವರ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ ಎಂದ. ಎರಡು ವರ್ಷವೆಂದು ನಂಬಿದವನು ಗಂಟನ್ನೇ ಬಿಚ್ಚನು, ನೆರೆಯವನ ಹೆಸರನ್ನೂ ಕೇಳನು. ಎಪ್ಪತ್ತು ವರ್ಷವೆಂದು ಅರಿತವನು ತಾನು ತಿನ್ನಲಾರದ ಹಣ್ಣಿನ ಗಿಡವನ್ನು ಮೊಮ್ಮಕ್ಕಳಿಗಾಗಿ ನೆಡುತ್ತಾನೆ.

ಕಾಲದ ಲೆಕ್ಕದಲ್ಲಿ ಸಿಲುಕಿ ದಿನದ ಕರ್ತವ್ಯವನ್ನು ಮರೆಯುವ ಅಪಾಯ ಕ್ರೈಸ್ತಸಭೆಯ ಆರಂಭದಲ್ಲಿಯೇ ಕಂಡುಬಂದಿತು. ಕ್ರಿಸ್ತನ ಪುನರಾಗಮನ ಸಮೀಪವಾಯಿತೆಂದು ಥೆಸಲೋನಿಕದಲ್ಲಿ ಕಳವಳವೆದ್ದಿತ್ತು. ಕೆಲವರು ಕೆಲಸ ಬಿಟ್ಟು ಸುಮ್ಮನೆ ತಿರುಗುತ್ತಿದ್ದರು. ಸ್ವಂತ ಕೈಯಿಂದ ದುಡಿದು ಉಣ್ಣಬೇಕೆಂದು ಆ ಸಭೆಗೆ ಬರೆದ ಪತ್ರಗಳಲ್ಲಿ ಬುದ್ಧಿವಾದವಿದೆ. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬ ರೈತನು ದಾನಿಯೇಲನ ಗ್ರಂಥದ 2300 ದಿನಗಳನ್ನು ವರ್ಷಗಳೆಂದು ಹಿಡಿದು, ಕ್ರಿ. ಪೂ. 457ರಿಂದ ಎಣಿಸಿದ. ಕೊನೆಗೆ ಅವನ ಅನುಯಾಯಿಗಳು 1844ರ ಅಕ್ಟೋಬರ್ 22 ಎಂಬ ದಿನವನ್ನು ಗೊತ್ತುಮಾಡಿದರು. ಕೆಲವರು ಹೊಲದ ಬೆಳೆಯನ್ನು ತೆಗೆಯದೆ ಬಿಟ್ಟು ಕಾದರು. ಮರುದಿನ ಎಂದಿನಂತೆ ಬೆಳಗಾಯಿತು. ಅವರನ್ನು ನೋಡಿ ನಗುವುದು ಸುಲಭ. ನಂಬಿಕೆಯಿಂದ ಕಾದು ಅತ್ತವರನ್ನು ಕುರಿತು ನಗುವುದು ಸರಿಯಲ್ಲ.

ಅದೇ ದೇಶದ ಇನ್ನೊಂದು ಪ್ರಸಂಗ ಇದಕ್ಕೆ ಪ್ರತಿಯಾಗಿದೆ. 1780ರ ಮೇ 19ರಂದು ಈಶಾನ್ಯ ಅಮೆರಿಕದಲ್ಲಿ ಹಗಲೇ ಕತ್ತಲೆ ಕವಿಯಿತು. ಅದು ಕಾಡ್ಗಿಚ್ಚಿನ ಹೊಗೆಯೆಂದು ಈಗ ತಿಳಿದಿದೆ. ಅಂದು ಅನೇಕರು ಕಡೆಯ ದಿನ ಬಂದಿತೆಂದು ನಡುಗಿದರು. ಕನೆಕ್ಟಿಕಟ್ಟಿನ ಶಾಸನಸಭೆಯಲ್ಲಿ ಕಲಾಪವನ್ನು ನಿಲ್ಲಿಸಬೇಕೆಂಬ ಮಾತು ಬಂದಾಗ ಅಬ್ರಹಾಂ ಡೇವನ್‌ಪೋರ್ಟ್ ಎಂಬ ಸದಸ್ಯನು ಒಪ್ಪಲಿಲ್ಲ. ಇದು ಕಡೆಯ ದಿನವಲ್ಲದಿದ್ದರೆ ಸಭೆ ಮುಗಿಸಲು ಕಾರಣವಿಲ್ಲ. ಹೌದಾದರೆ ತಾನು ಕೆಲಸದಲ್ಲಿರುವಾಗಲೇ ಅದು ಬರಲಿ ಎಂಬ ಅರ್ಥದಲ್ಲಿ ಮಾತನಾಡಿ, ದೀಪ ತರಿಸಬೇಕೆಂದು ಕೇಳಿಕೊಂಡ.

ಪ್ರಕಟನೆಯ ಗ್ರಂಥವನ್ನು ಹೇಗೆ ಓದಬೇಕೆಂಬುದರಲ್ಲಿ ಕ್ರೈಸ್ತರಲ್ಲಿಯೇ ಏಕಾಭಿಪ್ರಾಯವಿಲ್ಲ. ಅದು ರೋಮಿನ ಚಕ್ರಾಧಿಪತ್ಯದ ಹಿಂಸೆಯ ಕಾಲದ ಸಾಂತ್ವನವೆಂದು ಕೆಲವರು, ಚರಿತ್ರೆಯ ಕ್ರಮವೆಂದು ಕೆಲವರು, ಮುಂದಾಗುವುದೆಂದು ಕೆಲವರು, ಎಲ್ಲ ಕಾಲಕ್ಕೂ ಸಲ್ಲುವ ರೂಪಕವೆಂದು ಮತ್ತೆ ಕೆಲವರು ಹೇಳುತ್ತಾರೆ. ಸಾವಿರ ವರ್ಷಗಳ ಮಾತನ್ನು ಸಂತ ಅಗಸ್ಟೀನನು 5ನೆಯ ಶತಮಾನದಲ್ಲಿಯೇ ಸಾಂಕೇತಿಕವಾಗಿ ಗ್ರಹಿಸಿದ್ದ. ಆದರೆ ಈ ಭೇದಗಳಾವುವೂ ಇಂದು ಹೇಗೆ ನಡೆಯಬೇಕೆಂಬುದನ್ನು ಬದಲಿಸುವುದಿಲ್ಲ. ಮತ್ತಾಯನ ಸುವಾರ್ತೆಯ 24ನೆಯ ಅಧ್ಯಾಯದಲ್ಲಿ ಇದೆಲ್ಲ ಎಂದು ಆಗುವುದೆಂದು ಶಿಷ್ಯರು ಯೇಸುವನ್ನು ಕೇಳುತ್ತಾರೆ. ಆ ದಿನವನ್ನು ಯಾರೂ ಅರಿಯರೆಂಬ ಉತ್ತರ ಬರುತ್ತದೆ. ಮಾತು ಅಲ್ಲಿಗೇ ನಿಲ್ಲದೆ ಮುಂದಿನ ಅಧ್ಯಾಯದ ಕೊನೆಯವರೆಗೂ ಸಾಗಿ, ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು, ಪರದೇಶಿಗೆ ಆಸರೆ, ರೋಗಿಯ ಆರೈಕೆ, ಸೆರೆಯಲ್ಲಿರುವವನ ಭೇಟಿ, ಇವುಗಳಲ್ಲಿ ಮುಗಿಯುತ್ತದೆ. ಹಾಗೆ ಮಾಡಿದವರಿಗೆ ತಾವು ದೊಡ್ಡದೇನನ್ನೋ ಮಾಡಿದೆವೆಂಬ ಅರಿವೂ ಇರಲಿಲ್ಲ.

ಮರುದಿನ ತರಗತಿಗೆ ಹೋಗಿ ಆ ಹುಡುಗನಿಗೆ ನಿನೆವೆಯ ಕಥೆಯನ್ನು ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಅವರು ಬದಲಾಗುತ್ತಾರೋ ಇಲ್ಲವೋ ಎಂಬುದು ಯೋನನಿಗೂ ಗೊತ್ತಿರಲಿಲ್ಲ, ಅಲ್ಲವೆ ಸಾರ್?” ಎಂದ. ಹೌದಪ್ಪ, ಅದನ್ನು ನಿನೆವೆಯವರೇ ನಿಶ್ಚಯಿಸಬೇಕಾಗಿತ್ತು ಎಂದೆ.